ನಮ್ಮ ಸಂಸದರು ಸದನದಲ್ಲಿ ಏನು ಕೇಳಿದರು? ಹುಡುಕಿ ಓದುವುದು ಹೀಗೆ

ನಮ್ಮೂರಿನ ರೈಲ್ವೆ ಗೇಟಿನಲ್ಲಿ ದಿನವೂ ಕಾಯುವವರಲ್ಲಿ ನಾನೂ ಒಬ್ಬಳು. ಮೇಲ್ಸೇತುವೆ ಬೇಕೆಂದು ಅರ್ಜಿ ಕೊಡಲು ಹೋದಾಗಲೆಲ್ಲ ಒಂದೇ ಮಾತು ಕೇಳಿಬರುತ್ತಿತ್ತು: "ಸಾಹೇಬ್ರು ಪಾರ್ಲಿಮೆಂಟಲ್ಲಿ ಎತ್ತಿದಾರೆ ಕಣಮ್ಮ." ಒಂದು ರಾತ್ರಿ ಕುಳಿತು ಹುಡುಕಿದೆ. ನಿಜವಾಗಿಯೂ ಎತ್ತಿದ್ದರು. ಮಂತ್ರಿಗಳ ಉತ್ತರ ಎರಡು ಪುಟ. ಅದರ ಅನುಬಂಧದಲ್ಲಿ ನಮ್ಮ ಗೇಟಿನ ನಂಬರಿನ ಎದುರು, ರಾಜ್ಯದ ಒಪ್ಪಿಗೆ ಬಾಕಿ ಎಂದು ಬರೆದಿತ್ತು. ಇಷ್ಟು ವರ್ಷ ನಾವು ತಟ್ಟುತ್ತಿದ್ದದ್ದು ಬೇರೆ ಯಾವುದೋ ಬಾಗಿಲು. ಆ ಹಾಳೆಯ ನಕಲು ಹಿಡಿದು ಜಿಲ್ಲಾ ಕಚೇರಿಗೆ ಹೋದ ದಿನ ಮೊದಲ ಬಾರಿಗೆ ನಮ್ಮನ್ನು ಕೂರಿಸಿ ಮಾತಾಡಿಸಿದರು.

ಆಗಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಕರ್ನಾಟಕದಿಂದ ಲೋಕಸಭೆಗೆ 28 ಮಂದಿ, ರಾಜ್ಯಸಭೆಗೆ 12 ಮಂದಿ ಹೋಗುತ್ತಾರೆ. ಅವರಲ್ಲಿ ಯಾರನ್ನಾದರೂ ಹೀಗೆ ಹಿಂಬಾಲಿಸಬಹುದು. ಬೇಕಾದದ್ದು ಒಂದು ಮೊಬೈಲ್, ಅಧಿವೇಶನ ನಡೆಯುವಾಗ ವಾರಕ್ಕೆ ಒಂದು ಗಂಟೆ, ಮತ್ತು ಒಂದೇ ಒಂದು ವಿಷಯ. ವಿಷಯವಿಲ್ಲದೆ ಹೊರಟರೆ ಅಂಕಿಗಳ ರಾಶಿಯಲ್ಲಿ ಕಳೆದುಹೋಗುತ್ತೀರಿ. ಅಡಿಕೆ ಆಮದು, ನಿಮ್ಮೂರಿನ ರೈಲು, ನರೇಗಾ ಕೂಲಿ ಬಾಕಿ, ಯಾವುದಾದರೂ ಸರಿ, ನಿಮ್ಮ ಬದುಕಿಗೆ ತಾಗುವ ಒಂದನ್ನು ಆರಿಸಿಕೊಂಡು ಕೂರಿ.

ಎಲ್ಲಿ ಹುಡುಕುವುದು

ಮೂಲ ದಾಖಲೆ ಇರುವುದು ಸಂಸತ್ತಿನದೇ ಜಾಲತಾಣ ಸಂಸದ್ ಡಾಟ್ ಇನ್‌ನಲ್ಲಿ. ಲೋಕಸಭೆಗೂ ರಾಜ್ಯಸಭೆಗೂ ಬೇರೆ ಬೇರೆ ವಿಭಾಗಗಳಿವೆ. ಸದಸ್ಯರ ಪಟ್ಟಿಯಲ್ಲಿ ಹೆಸರು ಒತ್ತಿದರೆ ಅವರ ಪ್ರಶ್ನೆಗಳು, ಅವರು ಪಾಲ್ಗೊಂಡ ಚರ್ಚೆಗಳು ಸಿಗುತ್ತವೆ. ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಎಂಬ ಸಂಸ್ಥೆ ಇದೇ ದಾಖಲೆಗಳನ್ನು ಒಟ್ಟುಮಾಡಿ, ಪ್ರತಿ ಸಂಸದರ ಹಾಜರಿ, ಚರ್ಚೆ, ಪ್ರಶ್ನೆ, ಖಾಸಗಿ ಮಸೂದೆಗಳ (ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆಗಳ) ಲೆಕ್ಕವನ್ನು ರಾಜ್ಯದ ಮತ್ತು ದೇಶದ ಸರಾಸರಿಯ ಪಕ್ಕದಲ್ಲಿಟ್ಟು ತೋರಿಸುತ್ತದೆ. ಮೊದಲ ನೋಟಕ್ಕೆ ಅದು ಅನುಕೂಲ. ಕೊನೆಗೆ ಓದಬೇಕಾದದ್ದು ಮಾತ್ರ ಮೂಲವನ್ನೇ.

ಹುಡುಕುವಾಗ ಕಾಗುಣಿತ ಕೈಕೊಡುತ್ತದೆ. ಊರುಗಳ ಹೆಸರು 2014ರ ನವೆಂಬರ್ 1ರಂದು ಬದಲಾದರೂ ಲೋಕಸಭಾ ಕ್ಷೇತ್ರಗಳ ಹೆಸರು ಇಂಗ್ಲಿಷಿನಲ್ಲಿ ಇಂದಿಗೂ ಬೆಲ್ಗಾಮ್, ಶಿಮೊಗ, ಗುಲ್ಬರ್ಗ ಎಂದೇ ಇವೆ. ಬೆಳಗಾವಿ ಎಂದು ಒಮ್ಮೆ, ಬೆಲ್ಗಾಮ್ ಎಂದು ಒಮ್ಮೆ ಹುಡುಕಿ. ಅಡಿಕೆಯ ಇಂಗ್ಲಿಷ್ ಪದವನ್ನು ಕೆಲವರು ಕೂಡಿಸಿ ಬರೆಯುತ್ತಾರೆ, ಕೆಲವರು ಬಿಡಿಸಿ ಬರೆಯುತ್ತಾರೆ. ಎರಡನ್ನೂ ಹಾಕಿ ನೋಡಿ.

ಪ್ರಶ್ನೆಗಳು: ಇಲ್ಲೇ ಹೆಚ್ಚು ಹೊತ್ತು ಕಳೆಯಿರಿ

ನಮ್ಮ ಕೆಲಸಕ್ಕೆ ಬರುವ ಹುರುಳು ಹೆಚ್ಚಾಗಿ ಇರುವುದು ಪ್ರಶ್ನೆಗಳಲ್ಲೇ. ಪ್ರಶ್ನೆಯಲ್ಲಿ ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಅದರ ಬೆನ್ನಿಗೇ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲಿ ಒಂದು ದಿನಕ್ಕೆ 20 ಚುಕ್ಕೆ ಗುರುತಿನವು, 230 ಗುರುತಿಲ್ಲದವು. ಯಾರ ಪ್ರಶ್ನೆ ಪಟ್ಟಿಗೆ ಬರಬೇಕೆಂಬುದು ಲಾಟರಿಯಲ್ಲಿ ತೀರ್ಮಾನವಾಗುತ್ತದೆ. ಆದ್ದರಿಂದ "ನಮ್ಮ ಸಂಸದರು ಒಂದೂ ಚುಕ್ಕೆ ಪ್ರಶ್ನೆ ಕೇಳಿಲ್ಲ" ಎಂದು ದೂರುವ ಮೊದಲು, ಅದೃಷ್ಟದ ಪಾಲೂ ಇದರಲ್ಲಿದೆ ಎಂಬುದು ನೆನಪಿರಲಿ.

ಸಚಿವಾಲಯಗಳಿಗೆ ವಾರದ ದಿನಗಳನ್ನು ಹಂಚಿರುತ್ತಾರೆ. ಇತ್ತೀಚಿನ ಅಧಿವೇಶನಗಳಲ್ಲಿ ಲೋಕಸಭೆಯಲ್ಲಿ ಕೃಷಿಗೆ ಮಂಗಳವಾರ, ರೈಲ್ವೆಗೆ ಬುಧವಾರ ಬಂದಿದೆ. ನಿಮ್ಮ ವಿಷಯದ ದಿನ ಯಾವುದೆಂದು ತಿಳಿದರೆ ವಾರವಿಡೀ ಕಾಯುವ ಕೆಲಸವಿಲ್ಲ, ಆ ಸಂಜೆ ನೋಡಿದರೆ ಸಾಕು.

ಈಗ ಉತ್ತರದ ಹಾಳೆ ತೆರೆಯಿರಿ. ಮೇಲೆ ಪ್ರಶ್ನೆಯ ಸಂಖ್ಯೆ, ದಿನಾಂಕ, ಕೇಳಿದವರ ಹೆಸರು. ಒಂದೇ ಪ್ರಶ್ನೆಯ ಕೆಳಗೆ ಹಲವು ಹೆಸರು ಇರುವುದುಂಟು. ಹೆಚ್ಚುಕಡಿಮೆ ಒಂದೇ ತೆರನ ಪ್ರಶ್ನೆಗಳನ್ನು ಸೇರಿಸಿಬಿಟ್ಟಿರುತ್ತಾರೆ. ಅಂಥದ್ದನ್ನು ನಿಮ್ಮ ಸಂಸದರ ಸ್ವಂತ ಶ್ರಮವೆಂದು ಬರೆದುಕೊಳ್ಳುವ ಮೊದಲು ನಿಮ್ಮ ಕ್ಷೇತ್ರದ ಹೆಸರು ಪ್ರಶ್ನೆಯೊಳಗೆ ಬಂದಿದೆಯೇ ನೋಡಿ.

ಪ್ರಶ್ನೆಯನ್ನು (ಎ), (ಬಿ), (ಸಿ), (ಡಿ) ಎಂದು ಒಡೆದಿರುತ್ತಾರೆ. ಉತ್ತರ ಅದೇ ಸಾಲಿನಲ್ಲಿ ಬಂದರೆ ಒಳ್ಳೆಯದು. ಹಲವು ಬಾರಿ "(ಎ) ಯಿಂದ (ಡಿ)" ಎಂದು ಒಟ್ಟಿಗೆ ಬರೆದು, ಯೋಜನೆಯ ಹುಟ್ಟಿನಿಂದ ಕಥೆ ಶುರುಮಾಡುತ್ತಾರೆ. ಆಗ ಪೆನ್ಸಿಲ್ ಹಿಡಿದು, ಯಾವ ಭಾಗಕ್ಕೆ ಯಾವ ವಾಕ್ಯ ಉತ್ತರವೆಂದು ಗೆರೆ ಎಳೆಯಿರಿ. "ಎಷ್ಟು ಹಣ ಬಿಡುಗಡೆಯಾಗಿದೆ" ಎಂಬ ಭಾಗಕ್ಕೆ ಗೆರೆಯೇ ಬೀಳದಿದ್ದರೆ ಅದನ್ನು ಬರೆದಿಡಿ. ಮುಂದಿನ ಅಧಿವೇಶನದಲ್ಲಿ ಕೇಳಿಸಬೇಕಾದದ್ದು ಅದನ್ನೇ. ಅನುಬಂಧಗಳನ್ನು ಬಿಡಬೇಡಿ. ರಾಜ್ಯವಾರು, ಜಿಲ್ಲಾವಾರು ಪಟ್ಟಿ ಕೊನೆಯ ಪುಟಗಳಲ್ಲಿರುತ್ತದೆ, ನಮ್ಮೂರಿನ ಗೇಟು ಸಿಕ್ಕಿದ್ದೂ ಅಲ್ಲೇ.

ಇನ್ನು "ಪರಿಶೀಲನೆಯಲ್ಲಿದೆ", "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು" ಎಂಬ ಸಾಲುಗಳು. ಇವನ್ನು ಓದಿ ನಿಟ್ಟುಸಿರಿಟ್ಟು ಮುಚ್ಚಿಬಿಡುವವರೇ ಹೆಚ್ಚು. ಮುಚ್ಚಬೇಡಿ. ಇಂಥ ಮಾತುಗಳನ್ನು ಸಂಸತ್ತು ಸರ್ಕಾರದ ಭರವಸೆಯೆಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದಕ್ಕೆಂದೇ ಲೋಕಸಭೆಯಲ್ಲಿ 1953ರಿಂದ, ರಾಜ್ಯಸಭೆಯಲ್ಲಿ 1972ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ. ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕು, ಆಗದಿದ್ದರೆ ಹೆಚ್ಚುವರಿ ಕಾಲ ಕೇಳಬೇಕು. ನಿಮ್ಮ ಪುಸ್ತಕದಲ್ಲಿ ಉತ್ತರದ ದಿನಾಂಕದ ಪಕ್ಕದಲ್ಲೇ ಮೂರು ತಿಂಗಳ ನಂತರದ ದಿನಾಂಕ ಬರೆದಿಡಿ.

ಒಂದು ಎಚ್ಚರಿಕೆ. ಮಂತ್ರಿಗಳಾದವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುವವರು ಅವರೇ. 2024ರಲ್ಲಿ ಮಂಡ್ಯದ ಎಚ್.ಡಿ. ಕುಮಾರಸ್ವಾಮಿ, ಧಾರವಾಡದ ಪ್ರಲ್ಹಾದ ಜೋಶಿ, ಬೆಂಗಳೂರು ಉತ್ತರದ ಶೋಭಾ ಕರಂದ್ಲಾಜೆ, ತುಮಕೂರಿನ ವಿ. ಸೋಮಣ್ಣ ಕೇಂದ್ರ ಮಂತ್ರಿಗಳಾದರು. ಅವರ ಹೆಸರಿನ ಮುಂದೆ ಪ್ರಶ್ನೆ ಸೊನ್ನೆ ಎಂದು ಹಂಚಿಕೊಳ್ಳುವುದು ಅನ್ಯಾಯ. ಅವರ ಇಲಾಖೆ ಕೊಟ್ಟ ಉತ್ತರಗಳನ್ನು ಓದಿ.

ಮಾತುಗಳು

ಭಾಷಣ ಸಿಗುವುದು ಹಲವು ಕಡೆ: ಮಸೂದೆಯ ಚರ್ಚೆ, ಬಜೆಟ್ ಚರ್ಚೆ, ಶೂನ್ಯ ವೇಳೆ (ತುರ್ತು ವಿಷಯಗಳನ್ನು ಚುಟುಕಾಗಿ ಎತ್ತುವ ಹೊತ್ತು), ಲೋಕಸಭೆಯ 377ನೇ ನಿಯಮದಡಿ ಓದುವ ಪುಟ್ಟ ಹೇಳಿಕೆ. ಕ್ಷೇತ್ರದ ಬೇಡಿಕೆ ಬರುವುದು ಬಹುತೇಕ ಕೊನೆಯ ಎರಡರಲ್ಲಿ. ಅವಕ್ಕೆ ಮಂತ್ರಿ ಅಲ್ಲೇ ಉತ್ತರಿಸಬೇಕೆಂದಿಲ್ಲ. ಹೀಗಾಗಿ ಶೂನ್ಯ ವೇಳೆಯ ಒಂದು ನಿಮಿಷದ ವಿಡಿಯೊಗಿಂತ ಒಂದು ಲಿಖಿತ ಪ್ರಶ್ನೆಯ ತೂಕ ಹೆಚ್ಚೆಂದು ನಾನು ನಂಬಿದ್ದೇನೆ.

ಕಲಾಪದ ಪಠ್ಯದಲ್ಲಿ ಹೆಸರಿನ ಹತ್ತಿರ ನಕ್ಷತ್ರದ ಗುರುತಿದ್ದರೆ ಅಡಿಟಿಪ್ಪಣಿ ನೋಡಿ. "ಭಾಷಣವನ್ನು ಸದನದ ಮೇಜಿನ ಮೇಲೆ ಇಡಲಾಯಿತು" ಎಂಬ ಅರ್ಥದ ಸಾಲಿದ್ದರೆ ಅವರು ಮಾತಾಡಿಲ್ಲ, ಬರೆದುಕೊಟ್ಟಿದ್ದಾರೆ ಎಂದು ತಿಳಿಯಿರಿ. ಅದು ತಪ್ಪೇನಲ್ಲ. ಪಕ್ಷದ ಬಲ ನೋಡಿ ಸಮಯ ಹಂಚುವ ಸದನದಲ್ಲಿ ಸಣ್ಣ ಪಕ್ಷದವರಿಗೆ, ಹಿಂದಿನ ಸಾಲಿನವರಿಗೆ ಸಿಗುವ ನಿಮಿಷಗಳು ಬಹಳ ಕಡಿಮೆ. ಆದರೂ ನಿಂತು ಆಡಿದ ಮಾತನ್ನೂ ಬರೆದಿಟ್ಟದ್ದನ್ನೂ ಬೇರೆ ಬೇರೆ ಗುರುತು ಹಾಕಿಕೊಳ್ಳಿ. ಕಡತದಿಂದ ತೆಗೆದ ಮಾತುಗಳ ಜಾಗದಲ್ಲಿ ಬರೀ ಚುಕ್ಕಿಗಳೋ ನಕ್ಷತ್ರವೋ ಕಾಣುತ್ತದೆ.

ಕನ್ನಡದಲ್ಲಿ ಮಾತಾಡಿದ್ದರೆ? ಶಿವಮೊಗ್ಗದಿಂದ 1967ರಲ್ಲಿ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲು ಕನ್ನಡದಲ್ಲಿ ಮಾತಾಡಿದವರು. ಆ ದಾರಿಯಲ್ಲಿ ಈಗಲೂ ಕೆಲವರು ಕನ್ನಡದಲ್ಲೇ ಮಾತಾಡುತ್ತಾರೆ, ಕೇಳುವವರಿಗೆ ಭಾಷಾಂತರದ ವ್ಯವಸ್ಥೆ ಇದೆ. ಆದರೆ ಅಚ್ಚಿನ ಪಠ್ಯದಲ್ಲಿ ನಿಮಗೆ ಸಿಗುವುದು "ಮೂಲತಃ ಕನ್ನಡದಲ್ಲಿ ಮಾಡಿದ ಭಾಷಣದ ಅನುವಾದ" ಎಂಬ ಟಿಪ್ಪಣಿಯ ಇಂಗ್ಲಿಷ್. ನಮ್ಮ ಜನ ಆಡಿದ ಮಾತನ್ನು ಅವರ ದನಿಯಲ್ಲೇ ಕೇಳಬೇಕೆಂದರೆ ಸಂಸದ್ ಟಿವಿಯ ಯೂಟ್ಯೂಬ್ ವಾಹಿನಿಗೆ ಹೋಗಿ ಆ ದಿನದ ಕಲಾಪ ತೆರೆಯಬೇಕು. ಕನ್ನಡದ ಮಾತು ಕನ್ನಡದಲ್ಲೇ ಅಚ್ಚಾಗಬೇಕೆಂಬುದು ನನ್ನ ಮನಸ್ಸಿನ ದೊಡ್ಡ ಆಸೆ.

ಮತಗಳು: ಹೆಸರು ಸಿಗುವುದು ಯಾವಾಗ

ಇಲ್ಲಿ ಓದುಗರಿಗೆ ನಿರಾಸೆಯಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಮುಗಿಯುತ್ತವೆ. ಹೌದು ಎನ್ನುವವರು ಹೌದೆಂದು ಕೂಗಿದರು, ಇಲ್ಲ ಎನ್ನುವವರು ಇಲ್ಲವೆಂದರು, ಅಷ್ಟೇ. ಯಾರು ಯಾವ ಕಡೆ ಎಂಬ ದಾಖಲೆ ಇಲ್ಲ. ಮೂರು ಕೃಷಿ ಕಾಯ್ದೆಗಳನ್ನೇ ನೋಡಿ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಎರಡು ಮಸೂದೆಗಳು ಧ್ವನಿಮತದಲ್ಲಿ ಅಂಗೀಕಾರವಾದವು. ವಿರೋಧ ಪಕ್ಷಗಳು ಮತ ವಿಭಜನೆ, ಅಂದರೆ ಒಬ್ಬೊಬ್ಬರ ಮತವನ್ನೂ ಎಣಿಸುವುದನ್ನು, ಕೇಳಿದ್ದವು, ಕೇಳಿದವರು ತಮ್ಮ ಆಸನದಲ್ಲಿರಲಿಲ್ಲ ಎಂದು ಪೀಠದಿಂದ ವಿವರಣೆ ಬಂತು. 2021ರ ನವೆಂಬರ್ 29ರಂದು ಅವೇ ಕಾಯ್ದೆಗಳನ್ನು ಹಿಂಪಡೆದದ್ದೂ ಚರ್ಚೆಯಿಲ್ಲದೆ, ಧ್ವನಿಮತದಲ್ಲೇ. ಇಡೀ ದೇಶದ ರೈತರು ಮಾತಾಡಿದ ವಿಷಯದಲ್ಲಿ ನಮ್ಮ ಸಂಸದರ ಮತ ಯಾವುದೆಂದು ಹೆಸರು ಹಿಡಿದು ತೋರಿಸುವ ಪಟ್ಟಿ ಇಲ್ಲ. ಈ ನೋವು ನನಗೆ ಇನ್ನೂ ಹೋಗಿಲ್ಲ.

ಹೆಸರು ಸಿಗುವುದು ಮತ ವಿಭಜನೆಯಾದಾಗ. ಸಂವಿಧಾನ ತಿದ್ದುಪಡಿಗೆ ಅದು ಆಗಲೇಬೇಕು, ಏಕೆಂದರೆ ಒಟ್ಟು ಸದಸ್ಯ ಬಲದ ಬಹುಮತ, ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು, ಎರಡನ್ನೂ ಎಣಿಸಿ ತೋರಿಸಬೇಕು. ಮಹಿಳಾ ಮೀಸಲು ಮಸೂದೆ 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ 454ಕ್ಕೆ 2 ಮತಗಳಿಂದ ಗೆದ್ದಿತು. ಆ ದಿನದ ಕಲಾಪದ ಪಠ್ಯ ತೆರೆದು ಕೆಳಗಿಳಿದರೆ ಪರ, ವಿರೋಧ ಎಂದು ಹೆಸರುಗಳ ಪಟ್ಟಿ ಸಿಗುತ್ತದೆ.

ಸದನದ ಮತಯಂತ್ರದ ಫಲಕದಲ್ಲಿ ಕಂಡ ಅಂಕಿಯನ್ನು ಕೂಡಲೇ ನಂಬಬೇಡಿ. 2024ರ ಡಿಸೆಂಬರ್ 17ರಂದು ಒಂದು ದೇಶ ಒಂದು ಚುನಾವಣೆ ಮಸೂದೆಯ ಮಂಡನೆಗೇ ಮತ ವಿಭಜನೆ ಆಯಿತು. ಯಂತ್ರ ಮೊದಲು ತೋರಿಸಿದ್ದು ಪರ 220, ವಿರೋಧ 149. ಸದಸ್ಯರು ಬರೆದುಕೊಟ್ಟ ಮತಚೀಟಿಗಳನ್ನು ಸೇರಿಸಿ ಎಣಿಸಿದ ಮೇಲೆ 269 ಮತ್ತು 198 ಆಯಿತು. ಆ ಸಂಜೆ ಎಷ್ಟೋ ಜನ "ಮೂರನೇ ಎರಡು ಬರಲಿಲ್ಲ, ಮಸೂದೆ ಬಿತ್ತು" ಎಂದು ಹರಡಿದರು. ಮಂಡನೆಗೆ ಸರಳ ಬಹುಮತ ಸಾಕು. ಮತ ಯಾವ ಹಂತದ್ದು ಎಂಬುದನ್ನು ಸಂಖ್ಯೆಯ ಪಕ್ಕದಲ್ಲೇ ಬರೆದುಕೊಳ್ಳಿ: ಮಂಡನೆಯೋ, ತಿದ್ದುಪಡಿಯೋ, ಅಂತಿಮ ಅಂಗೀಕಾರವೋ. ದಿನಾಂಕದ ಗೊಂದಲವೂ ಉಂಟು. ವಕ್ಫ್ ತಿದ್ದುಪಡಿ ಮಸೂದೆಗೆ ಲೋಕಸಭೆ 288ಕ್ಕೆ 232 ಮತಗಳಿಂದ ಒಪ್ಪಿಗೆ ಕೊಟ್ಟಾಗ ಮಧ್ಯರಾತ್ರಿ ದಾಟಿ 2025ರ ಏಪ್ರಿಲ್ 3 ಆಗಿತ್ತು, ಆದರೆ ಬೈಠಕ್ ಶುರುವಾದದ್ದು 2ರಂದು. ಹುಡುಕುವುದನ್ನು 2ರ ಕಲಾಪದಿಂದ ಶುರುಮಾಡಿ.

ಸಿಕ್ಕ ಮತಕ್ಕೆ ಎಷ್ಟು ಅರ್ಥ ಕಟ್ಟಬಹುದು? ಪಕ್ಷ ವಿಪ್ (ಹೀಗೇ ಮತ ಹಾಕಬೇಕೆಂಬ ಆದೇಶ) ಕೊಟ್ಟ ಮೇಲೆ ಅದನ್ನು ಮೀರಿ ಮತ ಹಾಕಿದವರು, ಗೈರಾದವರು, 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನಿನಡಿ ಸ್ಥಾನವನ್ನೇ ಕಳೆದುಕೊಳ್ಳಬಹುದು. ಹಾಗಾಗಿ ಮತ ಬಹುಪಾಲು ಪಕ್ಷದ್ದು. ನಿಮ್ಮ ಸಂಸದರ ಸ್ವಂತ ಮನಸ್ಸು ಕಾಣುವುದು ಅದೇ ಮಸೂದೆಯ ಮೇಲೆ ಅವರು ಮಾತಾಡಿದರೇ, ಏನೆಂದರು, ಯಾವ ತಿದ್ದುಪಡಿ ಸೂಚಿಸಿದರು ಎಂಬಲ್ಲಿ. ಭಾಷಣವನ್ನೂ ಮತವನ್ನೂ ಎದುರುಬದುರು ಪುಟಗಳಲ್ಲಿ ಬರೆದಿಡುವ ಅಭ್ಯಾಸ ನನ್ನದು.

ಹಾಜರಿಯ ಶೇಕಡಾವಾರು ಅಂಕಿ ಹೇಳುವುದು ಆ ದಿನ ಬಂದಿದ್ದರು ಎಂದಷ್ಟೇ, ಎಷ್ಟು ಹೊತ್ತು ಕೂತಿದ್ದರು ಎಂದಲ್ಲ. ಖಾಸಗಿ ಮಸೂದೆ 1970ರ ನಂತರ ಒಂದೂ ಕಾಯ್ದೆಯಾಗಿಲ್ಲ. ಆದರೂ ಒಬ್ಬರು ಯಾವುದಕ್ಕೆ ಮಸೂದೆ ತಂದರು ಎಂಬುದರಿಂದ ಅವರ ಆಸಕ್ತಿ ತಿಳಿಯುತ್ತದೆ, ಓದಿ.

ಶಾಸಕರ ವಿಷಯದಲ್ಲೂ ಇದೇ ಕ್ರಮ. ನಮ್ಮ ವಿಧಾನ ಮಂಡಲದ ಪ್ರಶ್ನೋತ್ತರಗಳು ಕನ್ನಡದಲ್ಲೇ ಇರುವುದರಿಂದ ಓದುವುದು ಸಲೀಸು. "ಉದ್ಭವಿಸುವುದಿಲ್ಲ" ಎಂಬ ಒಂದೇ ಪದದ ಉತ್ತರ ಕಂಡರೆ ಅದರ ಮೇಲಿನ ಭಾಗವನ್ನು ಮತ್ತೊಮ್ಮೆ ಓದಿ. ಅಲ್ಲಿನ "ಇಲ್ಲ"ವೇ ಇದಕ್ಕೆ ಬೇರು.

ಇಷ್ಟು ಮಾಡಿದ ಮೇಲೆ ಒಂದು ಕಾಗದ ಬರೆಯಿರಿ. ಸಂಸದರು ಪ್ರಶ್ನೆಗೆ ಕನಿಷ್ಠ 15 ಪೂರ್ಣ ದಿನ ಮುಂಚೆ ಸೂಚನೆ ಕೊಡಬೇಕು. ಆದ್ದರಿಂದ ಅಧಿವೇಶನದ ದಿನಾಂಕ ಪ್ರಕಟವಾದ ವಾರದಲ್ಲೇ ನಿಮ್ಮ ಪತ್ರ ಅವರ ಕಚೇರಿಯಲ್ಲಿರಬೇಕು. ಹಿಂದಿನ ಪ್ರಶ್ನೆಯ ಸಂಖ್ಯೆ, ದಿನಾಂಕ, ಉತ್ತರ ಸಿಗದೆ ಉಳಿದ ಭಾಗ, ಈಗ ಕೇಳಬೇಕಾದದ್ದು: ಅರ್ಧ ಪುಟ ಸಾಕು. ನಮ್ಮ ಗೇಟಿನ ಬಗ್ಗೆ ನಾನು ಬರೆದದ್ದು ಏಳು ಸಾಲು. ಮುಂದಿನ ಅಧಿವೇಶನದ ಪಟ್ಟಿಯಲ್ಲಿ ಆ ಪ್ರಶ್ನೆ ಚುಕ್ಕೆ ಗುರುತಿಲ್ಲದೆ, ನಾಲ್ಕು ಭಾಗಗಳಾಗಿ ಬಂದಿತ್ತು. (ಸಿ) ಭಾಗ ನನ್ನ ಪತ್ರದ ಐದನೆಯ ಸಾಲು.