ಕಡಲಾಚೆಯ ಸಂಗಾತಿಯನ್ನು ನೋಡಲು ಹೋಗಬೇಕೇ? ಮೊದಲು ಮರಳುವ ದಾರಿ ನೋಡಿ

ಇದನ್ನು ಬರೆಯುತ್ತಿರುವುದು ಬಳ್ಳಾರಿಯ ಗಾಂಧಿನಗರದಲ್ಲಿ, ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಕುಳಿತು. ಇಂದು 2021ರ ಡಿಸೆಂಬರ್ 8, ನನ್ನ ಕೋವಿಡ್ ಕ್ವಾರಂಟೈನ್‌ನ ಐದನೇ ದಿನ. ಅತ್ತೆ ತಟ್ಟೆಯನ್ನು ಮೇಲಿನ ಮೆಟ್ಟಿಲಲ್ಲಿ ಇಟ್ಟು, ಪೂರ್ತಿ ಕೆಳಗಿಳಿದ ಮೇಲೆ ಕೂಗುತ್ತಾರೆ. ನಾನು ಮಾಸ್ಕ್ ಹಾಕಿಕೊಂಡು ಬಾಗಿಲು ತೆರೆಯುವಷ್ಟರಲ್ಲಿ ಜೋಳದ ರೊಟ್ಟಿ ಅರ್ಧ ಆರಿರುತ್ತದೆ.

2020ರ ಫೆಬ್ರುವರಿಯಲ್ಲಿ ನಮ್ಮ ಮದುವೆಯಾಯಿತು. ಹದಿನೆಂಟನೇ ದಿನಕ್ಕೆ ನಮ್ಮ ಮನೆಯವರು ಮ್ಯಾಂಚೆಸ್ಟರ್‌ಗೆ ಕೆಲಸಕ್ಕೆ ಮರಳಿದರು. ಆಮೇಲೆ ನಾನು ಅವರ ಮುಖವನ್ನು ಮೊಬೈಲಿನಾಚೆ ನೋಡಿದ್ದು ಇಪ್ಪತ್ತು ತಿಂಗಳ ನಂತರ, ಈ ಅಕ್ಟೋಬರ್ ಕೊನೆಯಲ್ಲಿ. ಐದು ವಾರ ಇದ್ದು ಬಂದಿದ್ದೇನೆ. ಬಂದ ದಿನದಿಂದ ಫೋನ್ ಮಾಡುವವರೆಲ್ಲ ಕೇಳುವುದು ಒಂದೇ: ‘ನಾವೂ ಹೋಗಬಹುದೇ?’ ಒಬ್ಬರ ಗಂಡ ಶಾರ್ಜಾದಲ್ಲಿ, ಒಬ್ಬಳಿಗೆ ಮದುವೆಗೆ ಗೊತ್ತಾದ ಹುಡುಗ ಅಮೆರಿಕದಲ್ಲಿ, ಇನ್ನೊಬ್ಬ ಹಳೆಯ ವಿದ್ಯಾರ್ಥಿಯ ಹೆಂಡತಿ ಜರ್ಮನಿಯಲ್ಲಿ ಓದುತ್ತಿದ್ದಾಳೆ. ಹೋಗಿ ಅಥವಾ ಬೇಡ ಎಂದು ಹೇಳಲು ನಾನು ಯಾರು? ನಾನು ಎರಡು ಸಲ ನಿರ್ಧಾರ ಮಾಡಿದ ಬಗೆಯನ್ನಷ್ಟೇ ಹೇಳಬಲ್ಲೆ. ಒಂದು ಸಲ, ಈ ಏಪ್ರಿಲ್‌ನಲ್ಲಿ, ತಪ್ಪಾಗಿ ಮಾಡಿದ್ದೆ; ಇನ್ನೊಂದು ಸಲ, ಅಕ್ಟೋಬರ್‌ನಲ್ಲಿ, ಕೊಂಚ ಬುದ್ಧಿ ಬಂದಿತ್ತು.

ಮೊದಲು ಒಂದೇ ಸಾಲು ಬರೆಯಿರಿ

‘ಈಗಲೇ ಏಕೆ?’ ಎಂಬುದಕ್ಕೆ ಇಬ್ಬರೂ ಬೇರೆ ಬೇರೆಯಾಗಿ ಒಂದು ಸಾಲು ಬರೆದು, ಆಮೇಲೆ ಓದಿಕೊಳ್ಳಿ. ಏಪ್ರಿಲ್‌ನಲ್ಲಿ ನಾನು ಬರೆದದ್ದು ‘ಕಾಲೇಜಿಗೆ ರಜೆ ಇದೆ, ಟಿಕೆಟ್ ಅಗ್ಗವಾಗಿದೆ’. ಅವರು ಬರೆದದ್ದು ‘ಒಬ್ಬನೇ ಇದ್ದು ಸಾಕಾಗಿದೆ’. ಅವರದು ಕಾರಣ, ನನ್ನದು ನೆಪ. ಹೆರಿಗೆ, ಕಾಯಿಲೆ, ಸಾವು ಇವೇ ದೊಡ್ಡ ಕಾರಣಗಳು, ಒಂಟಿತನ ಕಾರಣವೇ ಅಲ್ಲ ಎನ್ನುವ ಹಿರಿಯರಿದ್ದಾರೆ. ನಾನು ಒಪ್ಪುವುದಿಲ್ಲ. ಆದರೆ ‘ಮದುವೆಯಾಗಿ ಎರಡು ವರ್ಷವಾದರೂ ಹುಡುಗಿ ತವರಲ್ಲೂ ಇಲ್ಲ, ಗಂಡನ ಹತ್ತಿರವೂ ಇಲ್ಲ’ ಎಂದು ಓಣಿಯವರು ಆಡಿಕೊಳ್ಳುತ್ತಾರೆಂದು ವಿಮಾನ ಹತ್ತಬೇಡಿ. ಓಣಿಯವರು ಕ್ವಾರಂಟೈನ್‌ನಲ್ಲಿ ಊಟ ತಂದುಕೊಡುವುದಿಲ್ಲ.

ಮರಳುವ ಕಲಂ

ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ‘ಹೋಗಲು’, ಬಲಕ್ಕೆ ‘ಬರಲು’. ಎಡಗಡೆ ಎಲ್ಲರೂ ತುಂಬುತ್ತಾರೆ: ವೀಸಾ, ಲಸಿಕೆ, ಟಿಕೆಟ್. ನಿರ್ಧಾರ ಇರುವುದು ಬಲಗಡೆ. ಅಲ್ಲಿ ಬರೆಯಬೇಕಾದ ಪ್ರಶ್ನೆ ಇದು: ಅಂದುಕೊಂಡ ದಿನ ಮರಳಲು ಆಗದಿದ್ದರೆ ಎಷ್ಟು ದಿನ ತಡೆಯಬಲ್ಲೆ?

ಇದು ಕಲ್ಪನೆಯ ಭಯವಲ್ಲ. 2020ರ ಮಾರ್ಚ್ 18ರಿಂದ ಯುರೋಪ್, ಬ್ರಿಟನ್ ಕಡೆಯಿಂದ ಬರುವವರನ್ನು ಭಾರತ ತಡೆಯಿತು, ನಮ್ಮದೇ ಪಾಸ್‌ಪೋರ್ಟ್ ಇದ್ದವರನ್ನೂ. 22ರ ನಂತರ ಎಲ್ಲ ದೇಶಗಳ ಪ್ರಯಾಣಿಕ ವಿಮಾನಗಳೂ ನಿಂತವು. ಹೊರಗೆ ಸಿಕ್ಕಿಬಿದ್ದವರನ್ನು ಕರೆತರುವ ಸರ್ಕಾರದ ವಂದೇ ಭಾರತ್ ವಿಮಾನಗಳು ಶುರುವಾದದ್ದು ಮೇ 7ಕ್ಕೆ. ನಡುವಿನ ಆರೂವರೆ ವಾರ, ಎರಡು ವಾರಕ್ಕೆಂದು ಹೋದವರು ಬಿಪಿ ಮಾತ್ರೆಗಳನ್ನು ಎಣಿಸುತ್ತಾ ಕುಳಿತಿದ್ದರು. ನಿಯಮಿತ ವಿಮಾನಗಳು ಈ 2021ರ ಡಿಸೆಂಬರ್‌ನಲ್ಲೂ ಪೂರ್ತಿ ಮರಳಿಲ್ಲ. ಮೂವತ್ತಕ್ಕೂ ಹೆಚ್ಚು ದೇಶಗಳೊಂದಿಗೆ ಮಾಡಿಕೊಂಡ ‘ಏರ್ ಬಬಲ್’ (ಎರಡು ದೇಶಗಳ ನಡುವಿನ ಸೀಮಿತ ವಿಮಾನ ಸಂಚಾರ) ಒಪ್ಪಂದದ ಮೇಲೆ ಓಡಾಟ ನಡೆದಿದೆ. ಇದೇ 15ರಿಂದ ಎಲ್ಲವೂ ಶುರುವಾಗಬೇಕಿತ್ತು. ಕೊರೊನಾದ ಹೊಸ ರೂಪಾಂತರಿ ಓಮಿಕ್ರಾನ್ ಬಂದು ಅದನ್ನೂ ಮುಂದೂಡಿದ್ದಾರೆ.

ನನ್ನದೇ ಉದಾಹರಣೆ ಕೇಳಿ. ನಾನು ಹೊರಟಾಗ ಓಮಿಕ್ರಾನ್ ಎಂಬ ಹೆಸರೇ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಹೆಸರಿಟ್ಟದ್ದು ನವೆಂಬರ್ 26ರಂದು. ಡಿಸೆಂಬರ್ 1ರಿಂದ ಬ್ರಿಟನ್ ಸೇರಿದಂತೆ ಅಪಾಯದ ಪಟ್ಟಿಯ ದೇಶಗಳಿಂದ ಬರುವವರಿಗೆ, ಎರಡು ಡೋಸ್ ಆಗಿದ್ದರೂ, ನಿಲ್ದಾಣದಲ್ಲೇ ಪರೀಕ್ಷೆ, ವರದಿ ಬರುವವರೆಗೆ ಅಲ್ಲೇ ಕಾಯುವುದು, ಸೋಂಕಿಲ್ಲವೆಂದಾದರೆ ಏಳು ದಿನ ಮನೆಯಲ್ಲಿ ಪ್ರತ್ಯೇಕವಾಸ, ಎಂಟನೇ ದಿನ ಮತ್ತೆ ಪರೀಕ್ಷೆ. ಹೊರಡುವ ಮೊದಲಿನ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿಯನ್ನು ಸರ್ಕಾರದ ಏರ್ ಸುವಿಧಾ ಪೋರ್ಟಲ್‌ಗೆ ಹಾಕುವುದು ಬೇರೆ. 4ರಂದು ಬೆಂಗಳೂರಿನಲ್ಲಿ ಇಳಿದು ಮಾದರಿ ಕೊಟ್ಟು ಐದು ಗಂಟೆ ಕುರ್ಚಿಯಲ್ಲಿ ಕುಳಿತಿದ್ದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಮಗಳ ಬಾಣಂತನ ಮುಗಿಸಿ ಬಂದವರು; ಅವರ ಕೈಚೀಲದಲ್ಲಿದ್ದ ಚಕ್ಕುಲಿಯೇ ನಮ್ಮಿಬ್ಬರ ಊಟ. ರೈಲಿಗೆ ಮಾಡಿಸಿದ್ದ ಟಿಕೆಟ್ ಬಿಟ್ಟು, ಬಾಡಿಗೆ ಕಾರಿನಲ್ಲಿ ಹಿರಿಯೂರು, ಚಳ್ಳಕೆರೆ ಮೇಲೆ ಮನೆ ಸೇರಿದಾಗ ಮಧ್ಯರಾತ್ರಿ ದಾಟಿತ್ತು.

ಬಲಗಡೆಯ ಕಲಮಿನಲ್ಲಿ ನಾನು ‘ಮೂರು ವಾರ ಹೆಚ್ಚಾದರೂ ತಡೆಯಬಲ್ಲೆ’ ಎಂದು ಬರೆದಿದ್ದೆ. ಕಾಲೇಜಿನಲ್ಲಿ ನನ್ನ ಪಾಠಗಳನ್ನು ಹಂಚಿಕೊಳ್ಳಲು ಒಬ್ಬ ಸಹೋದ್ಯೋಗಿ ಒಪ್ಪಿದ್ದರು, ಮಾತ್ರೆಗಳು ಎರಡು ತಿಂಗಳಿಗೆ ಆಗುವಷ್ಟಿದ್ದವು, ವೀಸಾದ ಅವಧಿ ಬಾಕಿ ಇತ್ತು. ಅಷ್ಟು ಬರೆಯಲು ಆಗದಿದ್ದರೆ ನಾನು ಹೋಗುತ್ತಿರಲಿಲ್ಲ. ಸರ್ಕಾರಿ ನೌಕರರು ವಿದೇಶಕ್ಕೆ ಹೋಗಲು ಪೂರ್ವಾನುಮತಿ ಪಡೆಯಬೇಕು. ರಜೆ ಬೆಳೆದರೆ ಏನು ಎಂಬುದನ್ನೂ ಅದೇ ದಿನ ಕೇಳಿಕೊಳ್ಳಿ.

ಯಾರು ಹೋಗಬೇಕು, ಯಾರು ಬರಬೇಕು?

ನಮ್ಮಲ್ಲಿ ಸಾಮಾನ್ಯವಾಗಿ ದುಡಿಯಲು ಹೋದವರೇ ರಜೆಗೆ ಊರಿಗೆ ಬರುವುದು ವಾಡಿಕೆ. ಈ ಕಾಲದಲ್ಲಿ ಅದೇ ಹೆಚ್ಚು ಅಪಾಯದ ಪ್ರಯಾಣ. ಸಿರುಗುಪ್ಪದಲ್ಲಿರುವ ನನ್ನ ಚಿಕ್ಕಪ್ಪನ ಮಗಳ ಗಂಡ ಈ ಏಪ್ರಿಲ್‌ನಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಶಾರ್ಜಾದಿಂದ ಹದಿನೈದು ದಿನಕ್ಕೆ ಬಂದರು. ಏಪ್ರಿಲ್ 24ರ ರಾತ್ರಿಯಿಂದ ಯುಎಇ ಭಾರತದಿಂದ ಬರುವವರಿಗೆ ಬಾಗಿಲು ಹಾಕಿತು. ಅಲ್ಲಿಯ ವಾಸದ ಪರವಾನಗಿ ಇದ್ದು ಅಲ್ಲಿಯೇ ಲಸಿಕೆ ಹಾಕಿಸಿಕೊಂಡಿದ್ದವರಿಗೆ ಮತ್ತೆ ತೆರೆದದ್ದು ಆಗಸ್ಟ್ 5ಕ್ಕೆ. ಮೂರು ತಿಂಗಳ ಸಂಬಳ ಹೋಯಿತು. ಕೆಲಸ ಉಳಿದದ್ದು ಮಾಲೀಕರ ದೊಡ್ಡತನ. ಅಮೆರಿಕವೂ ಮೇ 4ರಿಂದ ನವೆಂಬರ್ 8ರವರೆಗೆ ಭಾರತದಿಂದ ಬರುವವರನ್ನು ತಡೆದಿತ್ತು. ಅಲ್ಲಿಯ ಪ್ರಜೆಗಳ ಗಂಡ–ಹೆಂಡತಿಗೆ ವಿನಾಯಿತಿ ಇತ್ತು. ಉದ್ಯೋಗ ವೀಸಾದಲ್ಲಿದ್ದು ತಂದೆ–ತಾಯಿಯನ್ನು ನೋಡಲು ಬಂದವರಲ್ಲಿ ಎಷ್ಟೋ ಮಂದಿ ಇಲ್ಲೇ ಉಳಿದರು.

ಆದ್ದರಿಂದ ಸಿಕ್ಕಿಬಿದ್ದರೆ ಯಾರ ಅನ್ನಕ್ಕೆ ಕುತ್ತು ಬರುತ್ತದೋ ಅವರು ಕದಲಬಾರದು. ಇಲ್ಲಿರುವವರಿಗೆ ರಜೆ ಸಿಗುವಂತಿದ್ದರೆ ಇಲ್ಲಿಂದ ಹೋಗುವುದೇ ಮೇಲು. ಇಬ್ಬರೂ ಮೂರನೆಯ ದೇಶದಲ್ಲಿ ಭೇಟಿಯಾಗುವ ಉಪಾಯ ಹೇಳುವವರಿದ್ದಾರೆ. ಎರಡು ದೇಶದ ನಿಯಮಗಳೇ ವಾರಕ್ಕೊಮ್ಮೆ ಬದಲಾಗುತ್ತಿರುವಾಗ ಮೂರನೆಯದನ್ನು ಏಕೆ ತಲೆಗೆ ಕಟ್ಟಿಕೊಳ್ಳಬೇಕು?

ಬಾಗಿಲು ತೆರೆದಿದೆಯೇ?

ಇಂದು, 2021ರ ಡಿಸೆಂಬರ್ 8ರಂದು, ಸ್ಥಿತಿ ಹೀಗಿದೆ. ಬ್ರಿಟನ್‌ಗೆ ನಾನು ಹೋದಾಗ ಹೊರಡುವ ಮುನ್ನ ಪರೀಕ್ಷೆ ಬೇಕಿರಲಿಲ್ಲ. ನಿನ್ನೆಯಿಂದ 48 ಗಂಟೆಯೊಳಗಿನ ವರದಿ ಬೇಕು, ಹೋದ ಮೇಲೆ ಎರಡನೇ ದಿನದೊಳಗೆ ಪಿಸಿಆರ್ ಮಾಡಿಸಿ ವರದಿ ಬರುವವರೆಗೆ ಒಳಗೇ ಇರಬೇಕು. ಅಮೆರಿಕಕ್ಕೆ ಹೊರಡುವ ಹಿಂದಿನ ದಿನ ಅಥವಾ ಅದೇ ದಿನ ಮಾಡಿಸಿದ ಪರೀಕ್ಷೆ. ಅಲ್ಲಿ ಲೆಕ್ಕ ದಿನದ್ದು, ಗಂಟೆಯದಲ್ಲ. ದುಬೈಗೆ 48 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ಜೊತೆಗೆ, ಹೊರಡುವ ಆರು ಗಂಟೆಯೊಳಗೆ ನಿಲ್ದಾಣದಲ್ಲೇ ರ್‍ಯಾಪಿಡ್ ಪಿಸಿಆರ್. ಸೌದಿ ಇದೇ 1ರಿಂದ ಭಾರತದವರನ್ನು ನೇರವಾಗಿ ಬಿಟ್ಟುಕೊಳ್ಳುತ್ತಿದೆ. ಆಸ್ಟ್ರೇಲಿಯ 15ರಿಂದ ಲಸಿಕೆ ಪಡೆದ ವಿದ್ಯಾರ್ಥಿಗಳಿಗೆ, ಕುಶಲ ಕೆಲಸಗಾರರಿಗೆ ತೆರೆಯಲಿದೆ, ಪ್ರವಾಸಿಗರಿಗಲ್ಲ. ಈ ಪುರವಣಿ ನಿಮ್ಮ ಕೈ ಸೇರುವಷ್ಟರಲ್ಲಿ ಇದರಲ್ಲಿ ಒಂದಾದರೂ ಬದಲಾಗಿರಬಹುದು. ಆ ದೇಶದ ಸರ್ಕಾರಿ ಜಾಲತಾಣ ನೋಡಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಟ್ಟಿಯನ್ನಲ್ಲ.

ಮದುವೆಯಾಗದ ಜೋಡಿಗಳಿಗೆ ದಾರಿ ಇನ್ನೂ ಇಕ್ಕಟ್ಟು. 2020ರ ಆಗಸ್ಟ್‌ನಲ್ಲಿ ಜರ್ಮನಿ ಮದುವೆಯಾಗದ ಸಂಗಾತಿಗಳಿಗೂ ಅವಕಾಶ ಕೊಟ್ಟಿತು. ಆದರೆ ಈ ಮೊದಲೇ ಮುಖಾಮುಖಿ ಭೇಟಿಯಾಗಿದ್ದಕ್ಕೆ ದಾಖಲೆ ಕೇಳಿತು. ಮದುವೆಯಾದವರೂ ಲಗ್ನಪತ್ರಿಕೆ, ಫೋಟೊಗಳನ್ನು ನಂಬಿ ಕೂರಬೇಡಿ. ಉಪನೋಂದಣಾಧಿಕಾರಿ ಕಚೇರಿಯ ವಿವಾಹ ನೋಂದಣಿ ಪತ್ರ ಬೇಕಾಗುತ್ತದೆ. ಮನೆಯಲ್ಲಿ ಹೇಳದೆ ಪ್ರೀತಿಸಿದವರನ್ನು ನೋಡಲು ಹೋಗುವವರು ಅಕ್ಕನಿಗೋ ಗೆಳೆಯನಿಗೋ ಒಬ್ಬರಿಗಾದರೂ ವಿಳಾಸ ಕೊಟ್ಟು ಹೋಗಿ. ಜ್ವರ ಬಂದು ಮಲಗಿದಾಗ ಗುಟ್ಟು ಸಹಾಯಕ್ಕೆ ಬರುವುದಿಲ್ಲ.

ಹೆಸರಿನ ಒಂದು ಅಕ್ಷರ

ಕೋವಿಶೀಲ್ಡ್‌ನ ಎರಡು ಡೋಸ್ ನಡುವೆ 84 ದಿನ. ವಿದೇಶಕ್ಕೆ ಹೋಗುವವರಿಗೆ 28 ದಿನಕ್ಕೇ ಕೊಡಬಹುದೆಂದು ಜೂನ್‌ನಲ್ಲಿ ಕೇಂದ್ರ ಹೇಳಿತು. ಪಟ್ಟಿಯಲ್ಲಿದ್ದವರು ವಿದ್ಯಾರ್ಥಿಗಳು, ಉದ್ಯೋಗಕ್ಕೆ ಹೋಗುವವರು, ಟೋಕಿಯೊ ಒಲಿಂಪಿಕ್ಸ್‌ಗೆ ಹೋಗುವವರು. ಗಂಡನನ್ನು ನೋಡಲು ಹೋಗುವವರು ಇರಲಿಲ್ಲ. ನಾನು 84 ದಿನ ಕಾದೆ. ಕೋವ್ಯಾಕ್ಸಿನ್ ಪಡೆದವರು ಇನ್ನೂ ಎಚ್ಚರದಿಂದ ನೋಡಿಕೊಳ್ಳಬೇಕು: ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪಿದ್ದು ಮೊನ್ನೆ ನವೆಂಬರ್ 3ರಂದು, ಬ್ರಿಟನ್ 22ರಿಂದ ಒಪ್ಪಿದೆ, ಎಲ್ಲ ದೇಶಗಳೂ ಒಪ್ಪಿಲ್ಲ.

ಡೋಸ್ ಆದ ಮೇಲೆ ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಪಕ್ಕದಲ್ಲಿ ಇಟ್ಟು ಅಕ್ಷರ ಅಕ್ಷರ ಓದಿ. ನನ್ನ ಆಧಾರ್‌ನಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರು ಪೂರ್ತಿ. ಸಾಲದ್ದಕ್ಕೆ ಲಸಿಕೆ ಕೇಂದ್ರದಲ್ಲಿ ಹುಟ್ಟಿದ ವರ್ಷವನ್ನೂ ತಪ್ಪು ಒತ್ತಿದ್ದರು. ಲಸಿಕೆ ನೋಂದಣಿಯ ಸರ್ಕಾರಿ ಜಾಲತಾಣವಾದ ಕೋವಿನ್‌ನಲ್ಲಿ ಇಂಥ ತಿದ್ದುಪಡಿಗೆ ಅವಕಾಶ ಒಂದೇ ಸಲ. ಹೆಸರೊಂದನ್ನೇ ಸರಿಪಡಿಸಿ ವರ್ಷ ಮರೆತಿದ್ದರೆ ನನ್ನ ಕಥೆ ಬೇರೆಯಾಗುತ್ತಿತ್ತು. ಪಾಸ್‌ಪೋರ್ಟ್ ಸಂಖ್ಯೆ ಸೇರಿಸಿ, ಹುಟ್ಟಿದ ದಿನಾಂಕ ಪೂರ್ತಿ ಇರುವ ಪ್ರತಿಯನ್ನೇ ಇಳಿಸಿಕೊಳ್ಳಿ.

ಬಳ್ಳಾರಿಯಿಂದ ಗಂಟೆಗಳ ಲೆಕ್ಕ

ಬೆಂಗಳೂರಿನವರಿಗೆ 48 ಗಂಟೆ ದೊಡ್ಡದು, ಮುನ್ನೂರು ಕಿಲೊಮೀಟರ್ ದೂರದ ನಮಗೆ ಅಲ್ಲ. ವಿಮಾನ ಭಾನುವಾರ ಬೆಳಿಗ್ಗೆ 7ಕ್ಕೆ ಎಂದುಕೊಳ್ಳಿ. ಶುಕ್ರವಾರ ಬೆಳಿಗ್ಗೆ 7ರ ನಂತರ ಕೊಟ್ಟ ಮಾದರಿ ಮಾತ್ರ ನಡೆಯುತ್ತದೆ. ಗಡಿಯಾರ ಓಡುವುದು ಮಾದರಿ ಕೊಟ್ಟ ಹೊತ್ತಿನಿಂದ, ವರದಿ ಬಂದ ಹೊತ್ತಿನಿಂದಲ್ಲ. ಶುಕ್ರವಾರ ಇಲ್ಲಿ ಕೊಟ್ಟು, ವರದಿ ಬಾರದೆಯೇ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ, ಅದು ಶನಿವಾರವೂ ಬಾರದಿದ್ದಾಗ ಬೆಂಗಳೂರಿನಲ್ಲಿ ಕುಳಿತು ಬಳ್ಳಾರಿಗೆ ಫೋನ್ ಮಾಡುತ್ತಿರಬೇಕು. ಮಾದರಿ ಕೊಡದೆ ಶುಕ್ರವಾರ ರಾತ್ರಿಯ ರೈಲು ಹಿಡಿದು, ಶನಿವಾರ ಬೆಳಿಗ್ಗೆ ಬೆಂಗಳೂರಿನಲ್ಲೇ ಕೊಟ್ಟು, ಸಂಜೆಯೊಳಗೆ ವರದಿ ಕೊಡುವ ಪ್ರಯೋಗಾಲಯವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ವಾಸಿ. ರಾಯಚೂರಿನವರಿಗೆ ಹೈದರಾಬಾದ್ ಸುಮಾರು ಇನ್ನೂರು ಕಿಲೊಮೀಟರ್. ಅಲ್ಲಿಂದ ವಿಮಾನ ಸಿಕ್ಕರೆ ಬೆಂಗಳೂರಿನ ಗೊಡವೆಯೇ ಬೇಡ. ಹೊರಡುವ ಹತ್ತು ದಿನ ಮೊದಲಿನಿಂದ ಮದುವೆ, ಜಾತ್ರೆ ಬಿಡಿ. ಸೋಂಕು ತಗುಲಿದೆ ಎಂದು ವರದಿ ಬಂದರೆ ವಿಮಾನ ಕಾಯುವುದಿಲ್ಲ.

ಹಣದ ಮಾತು ಚಿಕ್ಕದು. ಟಿಕೆಟ್ ದರಕ್ಕಿಂತ ‘ರದ್ದಾದರೆ ಕೈಗೆ ಹಣವೋ, ಮುಂದಿನ ಪ್ರಯಾಣದ ವೋಚರೋ’ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಏಪ್ರಿಲ್‌ನಲ್ಲಿ ಮಾಡಿಸಿದ್ದ ಟಿಕೆಟ್‌ನ ವಿಷಯದಲ್ಲಿ ಏಜೆಂಟರೊಬ್ಬರ ಬಾಯಿಮಾತು ನಂಬಿ ನಾನು ಕೆಟ್ಟೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗನ್ ವೀಸಾಕ್ಕೆ ಕನಿಷ್ಠ 30,000 ಯೂರೊ ವಿಮೆ ಕಡ್ಡಾಯ. ಯಾವ ದೇಶಕ್ಕಾದರೂ ವಿಮೆ ಕೋವಿಡ್ ಚಿಕಿತ್ಸೆಗೆ ಅನ್ವಯಿಸುತ್ತದೆಯೇ ಎಂದು ಕೇಳಿ.

ಮನೆಯಲ್ಲಿ ಬಚ್ಚಲು ಎಷ್ಟು?

ನಗಬೇಡಿ, ಇದೇ ಕೊನೆಯ ಪ್ರಶ್ನೆ. ಕೌಲ್ ಬಜಾರಿನ ನನ್ನ ತವರುಮನೆಯಲ್ಲಿ ಎಂಟು ಜನರಿಗೆ ಹಿತ್ತಲಲ್ಲಿ ಒಂದೇ ಬಚ್ಚಲು. ಅಲ್ಲಿ ಏಳು ದಿನದ ಪ್ರತ್ಯೇಕವಾಸ ಕಾಗದದ ಮೇಲಿನ ಮಾತು. ಗಾಂಧಿನಗರದಲ್ಲಿ ಮಾಳಿಗೆ ಕೋಣೆಗೆ ಬೇರೆ ಬಚ್ಚಲಿದೆ, ಆದ್ದರಿಂದ ಹೋಗಿ ಬರಲು ಸಾಧ್ಯವಾಯಿತು. ಕೆಳಗೆ ಸಕ್ಕರೆ ಕಾಯಿಲೆಯ ಅತ್ತೆ ಇದ್ದಾರೆ, ಮಾವ ಇದ್ದಾರೆ. ಬ್ರಿಟನ್ ಭಾರತವನ್ನು ಕೆಂಪು ಪಟ್ಟಿಗೆ, ಎಂದರೆ ಅಲ್ಲಿಂದ ಬರುವವರನ್ನು ತಡೆಯುವ ದೇಶಗಳ ಪಟ್ಟಿಗೆ, ಸೇರಿಸುತ್ತೇವೆಂದದ್ದು ಏಪ್ರಿಲ್ 19ರಂದು. ನನ್ನ ಟಿಕೆಟ್ ಮೇ 2ಕ್ಕಿತ್ತು. ಆ ರಾತ್ರಿ ಅತ್ತಿದ್ದೆ. ಮೇ ತಿಂಗಳಲ್ಲಿ ಮಾವನವರಿಗೆ ಆಮ್ಲಜನಕ ಇಳಿದು, ತೋರಣಗಲ್ಲಿನಲ್ಲಿ ಹೊಸದಾಗಿ ಎದ್ದಿದ್ದ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ಫೋನ್ ಹಿಡಿದು ಓಡಾಡಲು ಮನೆಯಲ್ಲಿದ್ದವಳು ನಾನೊಬ್ಬಳೇ. ಅಕ್ಟೋಬರ್‌ನಲ್ಲಿ ಹೊರಡುವ ಮುನ್ನ ಬಲಗಡೆಯ ಕಲಮಿನಲ್ಲಿ ನಾದಿನಿಯ ಹೆಸರು ಬರೆದುಕೊಂಡದ್ದು ಅದಕ್ಕೇ. ಹೊಸಪೇಟೆಯಿಂದ ಬಂದು ಆ ಐದು ವಾರ ಅವಳು ಇಲ್ಲೇ ಇದ್ದಳು.

ಇಷ್ಟೆಲ್ಲ ಬರೆದ ಮೇಲೆ ಹೊರಡುವ ಹತ್ತು ದಿನ ಮುಂಚಿನ ಒಂದು ದಿನಾಂಕಕ್ಕೆ ಗುರುತು ಹಾಕಿ, ಏನಾದರೆ ಹೋಗುವುದಿಲ್ಲ ಎಂಬುದನ್ನು ಇಬ್ಬರೂ ಮೊದಲೇ ಒಪ್ಪಿಕೊಳ್ಳಿ. ನಮ್ಮದು ಮೂರು: ಮನೆಯಲ್ಲಿ ಯಾರಿಗಾದರೂ ಜ್ವರ, ಆ ದೇಶದಲ್ಲಿ ಹೋಟೆಲ್ ಕ್ವಾರಂಟೈನ್, ನಾದಿನಿ ಬರಲಾಗದಿರುವುದು. ಹಾಗೆ ಬರೆದಿಟ್ಟರೆ ‘ನಿನಗೆ ಬರಲು ಮನಸ್ಸಿಲ್ಲ’ ಎಂಬ ಜಗಳಕ್ಕೆ ಜಾಗ ಕಡಿಮೆ.

ಶನಿವಾರ ನನ್ನ ಎಂಟನೇ ದಿನದ ಪರೀಕ್ಷೆ. ಮಾದರಿ ತೆಗೆದುಕೊಳ್ಳಲು ಬರುವವರಿಗೆ ಚಹಾ ಕೊಡಬಹುದೇ ಎಂದು ಅತ್ತೆ ಮೆಟ್ಟಿಲ ಕೆಳಗಿನಿಂದ ಎರಡು ಸಲ ಕೇಳಿದ್ದಾರೆ. ಸಿರುಗುಪ್ಪದ ತಂಗಿ ಈ ಸಲ ತಾನೇ ಮಗುವನ್ನು ಎತ್ತಿಕೊಂಡು ಶಾರ್ಜಾಕ್ಕೆ ಹೋಗುವವಳು. ಗೆರೆ ಎಳೆದ ಹಾಳೆಯ ಫೋಟೊ ಈಗಷ್ಟೇ ಕಳಿಸಿದ್ದಾಳೆ. ಎಡಗಡೆ ಹದಿನಾಲ್ಕು ಸಾಲು. ಬಲಗಡೆ ಖಾಲಿ. ಅದನ್ನು ತುಂಬಿಸಿ ಫೋನ್ ಮಾಡು ಎಂದಿದ್ದೇನೆ.