.338, .340, .375: ಮೂಸ್ ಬೇಟೆಗೆ ನಾನು ತೋಟಾ ಆರಿಸಿಕೊಂಡ ಬಗೆ

ನಾನು ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ಗೆ ಬಂದು ಹನ್ನೊಂದು ವರ್ಷ ಆಯ್ತು. ಹುಟ್ಟೂರು ಸೋಮವಾರಪೇಟೆ ಹತ್ತಿರ. ಮನೆಯಲ್ಲಿ ಜೋಡು ನಳಿಗೆ ಕೋವಿ ಇತ್ತು, ಅದು ತೋಟದ ಕಾವಲಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ನಮ್ಮ ಕಡೆ ಬೇಟೆ ಅನ್ನೋದು ಹಿರಿಯರ ಕಥೆಯಲ್ಲಿ ಮಾತ್ರ ಉಳಿದಿತ್ತು. ಕೈಲ್ ಮುಹೂರ್ತದ, ಅಂದ್ರೆ ಕೊಡಗಿನ ಆಯುಧಪೂಜೆಯ ದಿನ ಕೋವಿಗೆ ತೋಕ್ ಪೂ ಅನ್ನೋ ಹೂವು ಸಿಕ್ಕಿಸಿ ಪೂಜೆ ಮಾಡೋದು, ಆಮೇಲೆ ತೆಂಗಿನಕಾಯಿಗೆ ಈಡು ಹೊಡೆಯೋದು, ನಾನು ಕಂಡದ್ದು ಅಷ್ಟೇ. ಬೇಟೆ ಕಲಿತದ್ದು ಇಲ್ಲಿ, ಲೈಸೆನ್ಸ್ ಪಡೆದು. ಊರಲ್ಲಿ ಕೈಲ್ ಮುಹೂರ್ತ ಬರುವ ಸೆಪ್ಟೆಂಬರಿನಲ್ಲೇ ಇಲ್ಲಿ ಮೂಸ್ ಬೇಟೆಗೂ ಕಾಲ. ಮೂಸ್ ಅಂದ್ರೆ ಜಿಂಕೆ ಜಾತಿಯಲ್ಲೇ ಅತಿ ದೊಡ್ಡ ಪ್ರಾಣಿ.

ದೊಡ್ಡ ಗಂಡು ಮೂಸ್ ಅಂದ್ರೆ 550ರಿಂದ 700 ಕಿಲೋ. ನಮ್ಮ ಕಡವೆಯ ಎರಡರಷ್ಟು ಅಂದುಕೊಳ್ಳಿ. ಮೊದಲ ಮೂರು ವರ್ಷ .30-06 ಅನ್ನೋ ಸಾಮಾನ್ಯ ಬೇಟೆ ರೈಫಲ್ ಹಿಡಿದೇ ಹೋದೆ, ಅದು ಸಾಲದೆ ಬಂದದ್ದೇ ಇಲ್ಲ. ಮ್ಯಾಗ್ನಮ್, ಅಂದ್ರೆ ಹೆಚ್ಚು ಮದ್ದಿನ ಬಲವಾದ ತೋಟಾ, ಬೇಕು ಅನಿಸಿದ್ದು ಕರಡಿಯಿಂದ. ಒಂದು ಮೂಸ್ ಬಿದ್ದರೆ ಮಾಂಸ ಹೊರೋಕೆ ಏಳೆಂಟು ಸಲ ಓಡಾಡಬೇಕು. ಒಮ್ಮೆ ಹಾಗೆ ವಾಪಸ್ ಹೋದಾಗ ಮಾಂಸದ ಪಕ್ಕದಲ್ಲೇ ಗ್ರಿಜ್ಲಿ ಕರಡಿ ನಿಂತಿತ್ತು. ಕೂಗಿದ್ದಕ್ಕೆ ಹೋಯ್ತು, ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಚಳಿಗಾಲ ಮೂರು ರೈಫಲ್ ಹೋಲಿಸಿ ನೋಡಿದೆ. ಹೆಸರಿನಲ್ಲಿರೋ ಅಂಕಿ ಹೆಚ್ಚುಕಮ್ಮಿ ಗುಂಡಿನ ದಪ್ಪ, ಇಂಚಿನಲ್ಲಿ. .338 ವಿನ್‌ಚೆಸ್ಟರ್ ಮ್ಯಾಗ್ನಮ್ ಮತ್ತು .375 ಎಚ್ ಅಂಡ್ ಎಚ್ ಹಳೇ ಮಾಲು ಕೊಂಡೆ. .340 ವೆದರ್‌ಬಿ ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಕೊಟ್ಟಿದ್ದರು.

ಅಡುಗೆಮನೆ ಮೇಜಿನ ಮೇಲೆ ಮೂರೂ ತೋಟಾ ಸಾಲಾಗಿ ನಿಲ್ಲಿಸಿದರೆ ಒಂದೇ ಮನೆಯವು ಅಂತ ಗೊತ್ತಾಗುತ್ತೆ. ಕ್ಯಾಲಿಪರ್ ಹಿಡಿದು ನೋಡಿದೆ, ಬುಡದ ಸುತ್ತ ಉಬ್ಬಿರುವ ಪಟ್ಟಿ ಮೂರರಲ್ಲೂ ಹೆಚ್ಚುಕಮ್ಮಿ 0.53 ಇಂಚು. ಹಿರಿಯಣ್ಣ .375, ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ 1912ರಲ್ಲಿ ತಂದದ್ದು. ಅದರ ಹೆಗಲು, ಅಂದ್ರೆ ಹಿತ್ತಾಳೆ ಕೇಸು ಗುಂಡಿನ ಕಡೆಗೆ ಕಿರಿದಾಗುವ ಜಾಗ, ತೀರಾ ಇಳಿಜಾರು. ಹಾಗಾಗಿ ರೈಫಲ್‌ನಲ್ಲಿ ತೋಟಾ ಕೂರುವ ಕೋಣೆಯೊಳಗೆ (ಚೇಂಬರ್) ಅದು ಸರಿಯಾದ ಜಾಗದಲ್ಲಿ ನಿಲ್ಲೋಕೆ ಬುಡಕ್ಕೊಂದು ಪಟ್ಟಿ ಬೇಕಾಯ್ತು. ಅದೇ ಕೇಸನ್ನು ಎರಡೂವರೆ ಇಂಚಿಗೆ ಮೊಟಕು ಮಾಡಿ 1958ರಲ್ಲಿ ವಿನ್‌ಚೆಸ್ಟರ್ .338 ತಂದಿತು, ಆ ರೈಫಲ್‌ಗೆ ‘ಅಲಾಸ್ಕನ್’ ಅಂತಲೇ ಹೆಸರಿಟ್ಟರು. ಕೆಲವೇ ವರ್ಷಕ್ಕೆ ವೆದರ್‌ಬಿಯವರು ಕೇಸಿನ ಪೂರ್ತಿ ಉದ್ದ ಇಟ್ಟುಕೊಂಡು, ಹೆಚ್ಚು ಮದ್ದು ಹಿಡಿಸಿ, ಅದೇ .338 ದಪ್ಪದ ಗುಂಡಿಗೆ .340 ಮಾಡಿದರು.

ವೇಗ ಅಳೆಯುವ ಯಂತ್ರ ಮುಂದಿಟ್ಟು ಹೊಡೆದಾಗ ನನಗೆ ಬಂದ ಲೆಕ್ಕ ಹೀಗಿತ್ತು: .338ರಲ್ಲಿ 225 ಗ್ರೇನ್ (ಸುಮಾರು ಹದಿನಾಲ್ಕೂವರೆ ಗ್ರಾಂ) ತೂಕದ ಗುಂಡು ಸೆಕೆಂಡಿಗೆ 2,760 ಅಡಿ. .340ರಲ್ಲಿ 250 ಗ್ರೇನ್ ಗುಂಡು 2,890. .375ರಲ್ಲಿ 300 ಗ್ರೇನ್ ಗುಂಡು 2,510. 200 ಗಜಕ್ಕೆ ಗುರಿ ಕೂರಿಸಿದರೆ 300 ಗಜದಲ್ಲಿ .340 ಸುಮಾರು 7 ಇಂಚು ಇಳಿಯುತ್ತೆ, .338 ಎಂಟರ ಹತ್ತಿರ, .375 ಹತ್ತು ಹನ್ನೊಂದು. ಈ ಮೂರ್ನಾಲ್ಕು ಇಂಚಿಗೆ ಜನ ಎಷ್ಟೊಂದು ವಾದ ಮಾಡ್ತಾರೆ! ಮೂಸ್‌ನ ಎದೆಯಲ್ಲಿ ಗುಂಡು ಬೀಳಬೇಕಾದ ಜಾಗವೇ ಸುಮಾರು ಒಂದೂವರೆ ಅಡಿ ಇದೆ. ನಾನು ಹೊಡೆದ ಯಾವ ಮೂಸೂ 200 ಗಜ ದಾಟಿರಲಿಲ್ಲ.

ಕಾಗದದ ಮೇಲೆ ಹೀಗೆ ಹತ್ತಿರ ಹತ್ತಿರ ಇದ್ದವು ಭುಜಕ್ಕೆ ಬಂದಾಗ ಬೇರೆಯಾದವು. ಒಂದು ಭಾನುವಾರ ನನ್ನ ಹೆಂಡತಿಯನ್ನು ರೇಂಜ್‌ಗೆ ಕರೆದುಕೊಂಡು ಹೋದೆ. ನಾನು ಆ ಕಡೆ ತಿರುಗಿ ನಿಲ್ಲೋದು, ಅವಳು ರೈಫಲ್‌ಗೆ ಒಂದೊಂದು ಸಲ ನಿಜವಾದ ತೋಟಾ, ಒಂದೊಂದು ಸಲ ಮದ್ದಿಲ್ಲದ ಡಮ್ಮಿ ಹಾಕಿ ಕೊಡೋದು. .340ರಲ್ಲಿ ನಾಲ್ಕನೇ ಸಲ ಟ್ರಿಗರ್ ಎಳೆದೆ. ಟಿಕ್ ಅಂತಷ್ಟೇ ಸದ್ದು. ಆದರೆ ನಳಿಗೆಯ ತುದಿ ಒಂದು ಗೇಣು ಕೆಳಗೆ ಹೋಗಿತ್ತು.

“ರೀ, ಅದರಲ್ಲಿ ಗುಂಡೇ ಇರಲಿಲ್ಲ. ನೀವು ಕಣ್ಣು ಮುಚ್ಚಿಬಿಟ್ರಿ” ಅಂದಳು.

ಒದೆತ ಬರುತ್ತೆ ಅನ್ನೋ ಅಂಜಿಕೆ ಮೈಯಲ್ಲಿ ಕೂತುಬಿಟ್ಟಿತ್ತು, ನನಗೇ ಗೊತ್ತಿಲ್ಲದೆ. ಆ ರೈಫಲ್ ಹಗುರ, ಒದೆತ ಚುರುಕು. ವಿಚಿತ್ರ ಅಂದ್ರೆ .375 ಅಷ್ಟು ಕಷ್ಟ ಆಗಲಿಲ್ಲ. ರೈಫಲ್ ಒಂಬತ್ತೂವರೆ ಪೌಂಡ್ ತೂಗುತ್ತಿತ್ತು, ಗುಂಡು ನಿಧಾನ. ಒದೆಯೋದಕ್ಕಿಂತ ಹಿಂದಕ್ಕೆ ದೂಡಿದ ಹಾಗೆ ಇತ್ತು. .338ರಲ್ಲಿ ಹತ್ತು ಡಮ್ಮಿಗೆ ಎರಡು ಸಲ ನಳಿಗೆ ಅಲುಗಿತು. ತಿಂಗಳು ಪೂರ್ತಿ ಅಭ್ಯಾಸ ಮಾಡಿದ ಮೇಲೆ ಅದೂ ನಿಂತಿತು. ಅಲಾಸ್ಕಾದ ಬೇಟೆ ಇಲಾಖೆಯವರೂ ಇದನ್ನೇ ಹೇಳ್ತಾರೆ: ನೀವು ಸರಿಯಾಗಿ ಗುರಿ ಇಟ್ಟು ಹೊಡೆಯಬಲ್ಲ ರೈಫಲ್ ತನ್ನಿ, ಒದೆತ ತಡೆಯಲಾಗದ ಮ್ಯಾಗ್ನಮ್ ಬೇಡ.

.375 ಬಿಟ್ಟದ್ದು ಬೋಲ್ಟಿನ ಉದ್ದಕ್ಕೆ. ಬೋಲ್ಟ್ ಅಂದ್ರೆ ಕೈಯಿಂದ ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿ ತೋಟಾ ಏರಿಸುವ ಭಾಗ. ಆ ತೋಟಾ ಉದ್ದ, ಬೋಲ್ಟನ್ನು ಪೂರ್ತಿ ಹಿಂದಕ್ಕೆ ಎಳೆಯಬೇಕು. ಅವಸರದಲ್ಲಿ ಎರಡು ಸಲ ಅರ್ಧಕ್ಕೇ ಮುಂದೆ ತಳ್ಳಿದೆ, ಮುಂದಿನ ತೋಟಾ ಏರಲೇ ಇಲ್ಲ. ಎದುರಿಗೆ ಕರಡಿ ಇದ್ದಾಗ ಹಾಗಾದರೆ? .338 ಕೂರೋದು .30-06ಕ್ಕೆ ಸಾಕಾಗುವ ಬೋಲ್ಟಿನಲ್ಲಿ, ನನ್ನ ಕೈಗೆ ಆ ಅಳತೆ ಮೊದಲೇ ರೂಢಿ.

ಮನೆಯಲ್ಲೇ ತೋಟಾ ತುಂಬಿಕೊಳ್ಳುವವರಿಗೆ ಒಂದು ಮಾತು. .338ಕ್ಕೆ ಒಳ್ಳೆ ಹೆಗಲಿದೆ, ಅದಕ್ಕೆ ಪಟ್ಟಿ ನಿಜಕ್ಕೂ ಬೇಕಿಲ್ಲ. ನಾನು ಶುರುವಿನಲ್ಲಿ ಪಟ್ಟಿಯನ್ನೇ ನಂಬಿ, ಹೊಡೆದ ಕೇಸಿಗೆ ಮತ್ತೆ ಆಕಾರ ಕೊಡುವಾಗ ಪ್ರತಿ ಸಲ ಹೆಗಲನ್ನು ಜಾಸ್ತಿ ಹಿಂದಕ್ಕೆ ತಳ್ಳುತ್ತಿದ್ದೆ. ನಾಲ್ಕನೇ ಸಲಕ್ಕೆ ಪಟ್ಟಿಯ ಸ್ವಲ್ಪ ಮೇಲೆ ಕೇಸಿನ ಸುತ್ತ ತೆಳುವಾದ ಹೊಳೆಯುವ ಗೆರೆ ಕಾಣಿಸಿತು. ಪೇಪರ್ ಕ್ಲಿಪ್ ನೇರ ಮಾಡಿ, ತುದಿ ಮಾತ್ರ ಬಾಗಿಸಿ, ಕೇಸಿನೊಳಗೆ ಇಳಿಸಿ ಗೋಡೆಗೆ ಸವರಿಕೊಂಡು ಮೇಲಕ್ಕೆ ಎಳೆದೆ. ಆ ಗೆರೆ ಇದ್ದ ಜಾಗದಲ್ಲಿ ತುದಿ ಟಕ್ ಅಂತ ಹಳ್ಳಕ್ಕೆ ಸಿಕ್ಕಿತು. ಅಲ್ಲಿ ಹಿತ್ತಾಳೆ ಹಿಗ್ಗಿ ತೆಳ್ಳಗಾಗಿದೆ, ಇನ್ನೊಂದು ಈಡಿಗೆ ಅಲ್ಲೇ ತುಂಡಾಗಬಹುದು ಅಂತ ಅರ್ಥ. ಅಂಥ ಹದಿನೇಳು ಕೇಸ್ ಬಿಸಾಕಿದೆ. ಈಗ ಬೋಲ್ಟ್ ಸಲೀಸಾಗಿ ಮುಚ್ಚುವಷ್ಟು ಮಾತ್ರ ಹೆಗಲು ತಳ್ಳುತ್ತೇನೆ. ಇದನ್ನು ದಯವಿಟ್ಟು ಉದಾಸೀನ ಮಾಡಬೇಡಿ.

ಆ ಸೆಪ್ಟೆಂಬರಿನಲ್ಲಿ .338 ಹಿಡಿದೇ ಹೋದೆ. ಐದನೇ ದಿನ ಬೆಳಿಗ್ಗೆ ಕೊಳದ ಅಂಚಿನ ವಿಲ್ಲೋ ಪೊದೆಯಲ್ಲಿ ಗಂಡು ಮೂಸ್. ಅಲ್ಲಿಯ ನಿಯಮದ ಪ್ರಕಾರ ಕೊಂಬು 50 ಇಂಚು ಅಗಲ ಇರಬೇಕು, ಇಲ್ಲ ಹಣೆ ಮೇಲಿನ ಕವಲು ಒಂದು ಪಕ್ಕದಲ್ಲಾದರೂ ನಾಲ್ಕು ಇರಬೇಕು. ಬೈನಾಕ್ಯುಲರ್‌ನಲ್ಲಿ ಎರಡೆರಡು ಸಲ ಎಣಿಸಿದೆ. ನಾಲ್ಕು. 140 ಗಜ. ಮೊದಲ ಗುಂಡು ಬಿದ್ದರೂ ಅದು ಸುಮ್ನೆ ನಿಂತೇ ಇತ್ತು. ಮೂಸ್ ಹಾಗೇ, ಗುಂಡು ತಾಗಿದ್ದೇ ಗೊತ್ತಾಗಲ್ಲ. ಕಾಯುತ್ತಾ ಕೂತರೆ ನೀರಿಗೆ ಇಳಿದು ಅಲ್ಲೇ ಸಾಯುತ್ತೆ, ಆಮೇಲೆ ಸೊಂಟದವರೆಗಿನ ತಣ್ಣೀರಿನಲ್ಲಿ ನಿಂತು ಅರ್ಧ ಟನ್ನಿನ ಪ್ರಾಣಿಯನ್ನು ಕೊಯ್ಯಬೇಕು. ತಡಮಾಡದೆ ಬೋಲ್ಟ್ ಎಳೆದು ಇನ್ನೊಂದು ಈಡು ಹೊಡೆದೆ. ದಡದಲ್ಲೇ ಬಿತ್ತು.

ಚರ್ಮದ ಮೇಲೆ ಒಣಗಿದ ಕೆಸರು ಬೆರಳು ದಪ್ಪ ಮೆತ್ತಿತ್ತು. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನಾಸ್ಲರ್ ಅನ್ನುವವರ ಗುಂಡುಗಳು ಇಂಥದೇ ಕೆಸರು ಮೆತ್ತಿದ ಮೂಸ್‌ನ ಮೇಲೆ ಒಡೆದುಹೋಗಿ, ಒಳಗೆ ಇಳಿಯಲೇ ಇಲ್ಲ. ಆಮೇಲೆ ಅವರು ಗುಂಡಿನ ನಡುವೆ ತಾಮ್ರದ ಅಡ್ಡಗೋಡೆ ಇಟ್ಟು ಪಾರ್ಟಿಷನ್ ಗುಂಡು ಮಾಡಿದರು. ನಾನು ಹೊಡೆದದ್ದೂ ಅದನ್ನೇ. ಒಂದು ಗುಂಡು ಆಚೆ ಪಕ್ಕದ ಚರ್ಮದ ಕೆಳಗೆ ಸಿಕ್ಕಿತು, ಅಣಬೆಯ ಹಾಗೆ ಅರಳಿ. ತೂಕ ಹಾಕಿದೆ: 225 ಗ್ರೇನಿನಲ್ಲಿ 151 ಉಳಿದಿತ್ತು.

.340 ಅನ್ನು ಯಜಮಾನರಿಗೆ ವಾಪಸ್ ಕೊಟ್ಟೆ. .375 ಇನ್ನೂ ಇದೆ. ಈ ವಸಂತದಲ್ಲಿ ಗೆಳೆಯರ ಜೊತೆ ಕಂದು ಕರಡಿಗೆ ಹೋಗೋದಿದೆ, ಅದಕ್ಕೆ ಆ 300 ಗ್ರೇನ್ ಗುಂಡೇ ಬೇಕು ಅಂತ ನನ್ನ ಮನಸ್ಸು. ಬೋಲ್ಟ್ ಪೂರ್ತಿ ಎಳೆಯೋ ಅಭ್ಯಾಸವನ್ನು ದಿನಾ ಸಂಜೆ ಡಮ್ಮಿ ಹಾಕಿಕೊಂಡು ಮಾಡುತ್ತಿದ್ದೇನೆ.