ಔಟಾದವರು ಆಚೆ ಹೋಗುವಂತಿಲ್ಲ: ಪಿಟಿ ಪಿರಿಯಡ್ಡಿನ ನನ್ನ ಅನುಭವ

ಆಟದ ಪಿರಿಯಡ್ಡಲ್ಲಿ ಯಾವ ಮಗು ಜಾಸ್ತಿ ಹೊತ್ತು ಕೂತಿರುತ್ತದೆ ಅಂತ ಒಮ್ಮೆ ಗಮನಿಸಿ. ಓಡಲಾರದೆ ಎಲ್ಲರಿಗಿಂತ ಮೊದಲು ಔಟಾದ ಮಗು. ಓಟ ಯಾರಿಗೆ ಹೆಚ್ಚು ಬೇಕೋ ಅವರೇ ಬೇವಿನ ಮರದ ಕೆಳಗೆ ಕೂತು ಮಣ್ಣಲ್ಲಿ ಗೆರೆ ಎಳೆಯುತ್ತಿರುತ್ತಾರೆ. ಚುರುಕಾದವರು ಇನ್ನಷ್ಟು ಚುರುಕಾಗುತ್ತಾರೆ.

ನಾನು ಮಳವಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ದೈಹಿಕ ಶಿಕ್ಷಕ. ಊರಿನವರ ಬಾಯಲ್ಲಿ ಪಿಟಿ ಮೇಷ್ಟ್ರು. ನಾನು ಆಡಿಸುವ ಆಟಗಳಲ್ಲಿ ಔಟಾದವರು ಆಚೆ ಹೋಗುವಂತಿಲ್ಲ.

ಇದೇನು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಕಬಡ್ಡಿಯಲ್ಲೇ ಹಿಂದೆ ಮೂರು ಬಗೆ ಇದ್ದವು. ಸಂಜೀವಿನಿಯಲ್ಲಿ ಎದುರು ತಂಡದವರು ಔಟಾದರೆ ನಮ್ಮ ಕಡೆ ಔಟಾದವರು ಮತ್ತೆ ಒಳಗೆ ಬರಬಹುದು. ಈಗ ಟಿವಿಯಲ್ಲಿ ನೋಡುವುದು ಈ ಬಗೆಯನ್ನೇ. ಗಾಮಿನಿಯಲ್ಲಿ ಔಟಾದರೆ ಕಥೆ ಮುಗೀತು. ಅಮರ್‌ನಲ್ಲಿ ಔಟಾದರೂ ಅಂಕಣದಲ್ಲೇ ಇರಬೇಕು, ಎದುರು ತಂಡಕ್ಕೆ ಒಂದು ಪಾಯಿಂಟು ಹೋಗುತ್ತದೆ ಅಷ್ಟೇ. ನಾನು ಆಡಿಸುವುದು ಅಮರ್.

ಕೆರೆ-ದಡದಲ್ಲೂ ಹೀಗೇ. ತಪ್ಪು ಕಡೆ ಹಾರಿದವರು ಧ್ವಜಸ್ತಂಭ ಮುಟ್ಟಿ ಓಡಿ ಬಂದು ಮತ್ತೆ ಸಾಲಿಗೆ ಸೇರುತ್ತಾರೆ. ಓಟ ಶಿಕ್ಷೆ ಅನ್ನಿಸಬಾರದಲ್ವಾ? ಅದಕ್ಕೆ ಪಕ್ಕದಲ್ಲಿದ್ದವರೂ ಕೈ ಹಿಡಿದು ಜೊತೆಗೆ ಓಡಬೇಕು. ಸ್ವಲ್ಪ ಹೊತ್ತಿಗೆಲ್ಲ ಬೇಕಂತಲೇ ತಪ್ಪು ಹಾರುವವರು ಶುರುವಾಗುತ್ತಾರೆ. ಹಾರಲಿ ಬಿಡಿ, ಓಡುತ್ತಾರಲ್ಲ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಷ್ಟು ಓಡಾಟ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಪಿರಿಯಡ್ಡು 40 ನಿಮಿಷ, ಅದೂ ದಿನಾ ಇರುವುದಿಲ್ಲ. ಅದರಲ್ಲಿ ಕ್ರಿಕೆಟ್ ಆಡಿಸಿದರೆ ಬ್ಯಾಟು ಇಬ್ಬರ ಕೈಲಿ, ಉಳಿದವರು ಸುಮ್ನೆ ನಿಂತಿರುತ್ತಾರೆ. ಹಾಗಾಗಿ ಕ್ರಿಕೆಟ್ ರಜಾ ದಿನಕ್ಕೆ. ಮೈ ಬಿಸಿಯಾಗಿದೆಯಾ ಅಂತ ತಿಳಿಯಲು ಗಡಿಯಾರ, ಯಂತ್ರ ಏನೂ ಬೇಡ. ಓಡುತ್ತಿರುವ ಮಗುವನ್ನು ಮಾತಾಡಿಸಿ. ಉತ್ತರ ಕೊಡಲು ಆಗಬೇಕು, ಆದರೆ ಹಾಡು ಹೇಳಲು ಉಸಿರು ಸಾಲಬಾರದು. ಒಂದು ಮಾತು: ಬಿಸಿಯೂಟ ಆದ ಕೂಡಲೇ ಓಡಿಸಬೇಡಿ. ನಮ್ಮ ಶಾಲೆಯಲ್ಲಿ ಆಟ ಕೊನೇ ಪಿರಿಯಡ್ಡಿಗೆ.

ಇನ್ನು ಜಗಳದ ವಿಷಯ.

"ಸಾ, ಮುಟ್ಟಿಲ್ಲ ಸಾ!"

"ಮುಟ್ದೆ ಸಾ, ಸುಳ್ಳೇಳ್ತಾವ್ನೆ!"

ಇದಕ್ಕೆ ಮಕ್ಕಳ ಬುದ್ಧಿ ಕೆಟ್ಟಿದೆ ಅಂತ ನಾನು ಹೇಳಲಾರೆ. ಔಟ್ ಅಂತ ಒಪ್ಪಿಕೊಂಡರೆ ಆಟ ಹೋಗುತ್ತದೆ, ಸುಳ್ಳು ಹೇಳಿದರೆ ಉಳಿಯುತ್ತದೆ. ಹತ್ತು ವರ್ಷದ ಹುಡುಗ ಯಾವುದನ್ನು ಆರಿಸಿಕೊಂಡಾನು? ಅಮರ್ ಆಟದಲ್ಲಿ ಆ ಭಯ ಇಲ್ಲ. ಅದಕ್ಕೇ ಅಲ್ಲಿ ನಾನು ಸೀಟಿ ಊದುವುದಿಲ್ಲ. ಮುಟ್ಟಿಸಿಕೊಂಡವರೇ ಕೈ ಎತ್ತಬೇಕು. ಇಬ್ಬರ ಮಾತೂ ತಾಳೆಯಾಗದಿದ್ದರೆ ಯಾರಿಗೂ ಪಾಯಿಂಟಿಲ್ಲ, ರೈಡು ಮತ್ತೆ ಮೊದಲಿಂದ.

ಒಮ್ಮೆ ಆರನೇ ತರಗತಿಯ ಹುಡುಗನೊಬ್ಬ ಮೂಲೆಯಲ್ಲಿ ನಿಂತಿದ್ದ. ರೈಡರ್ ಕೈ ಅವನ ಅಂಗಿಯ ಅಂಚಿಗೆ ತಾಗಿತು. ನನಗೂ ಕಾಣಲಿಲ್ಲ, ರೈಡರ್‌ಗೂ ಗೊತ್ತಾಗಲಿಲ್ಲ. ಹುಡುಗ ಕೈ ಎತ್ತಿದ. "ಯಾರೂ ನೋಡಿರ್ಲಿಲ್ಲ ಕಣ್ಲಾ, ಯಾಕ್ಲಾ ಎತ್ದೆ?" ಅಂತ ಅವನ ಕಡೆಯವರೇ ರೇಗಿದರು. "ತಾಗ್ತಲ್ಲ" ಅಂದವನೇ ಜಾರುತ್ತಿದ್ದ ಚಡ್ಡಿ ಮೇಲೆಳೆದುಕೊಂಡು ಬಗ್ಗಿ ನಿಂತ. ನಾನು ಶಭಾಷ್ ಅನ್ನಲಿಲ್ಲ, ಪಾಯಿಂಟು ಬರೆದುಕೊಂಡೆ. ಅಂಥದ್ದಕ್ಕೆಲ್ಲ ಚಪ್ಪಾಳೆ ಹೊಡೆಸಿದರೆ, ತಾಗದಿದ್ದರೂ ಕೈ ಎತ್ತುವವರು ಹುಟ್ಟಿಕೊಳ್ಳುತ್ತಾರೆ.

ತಂಡ ಮಾಡುವಾಗ ಇಬ್ಬರು ನಾಯಕರನ್ನು ನಿಲ್ಲಿಸಿ "ನಿಂಗೆ ಯಾರು ಬೇಕು" ಅಂತ ಕೇಳುವ ಪದ್ಧತಿ ನನಗೆ ಕಿಂಚಿತ್ತೂ ಇಷ್ಟವಿಲ್ಲ. ಕೊನೆಯಲ್ಲಿ ಉಳಿಯುವ ಮಗು ಯಾವಾಗಲೂ ಅದೇ. ಎತ್ತರದ ಪ್ರಕಾರ ಸಾಲು ನಿಲ್ಲಿಸಿ ಒಂದು-ಎರಡು ಎಣಿಸಿದರೆ ಆಯಿತು.

ಹುಡುಗಿಯರನ್ನು ಅಂಗಳಕ್ಕೆ ಇಳಿಸಲು ಹೆಚ್ಚು ನೆರವಾದದ್ದು ಖೋ ಖೋ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ, ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿದ ನಮ್ಮ ಮಹಿಳಾ ತಂಡದಲ್ಲಿ ಚೈತ್ರಾ ಇದ್ದರು. ಪಕ್ಕದ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಆಮೇಲೆ "ಏಳನೇ ಕ್ಲಾಸಾಯ್ತು, ಇನ್ನೇನು ಆಟ" ಅನ್ನುವ ಅಮ್ಮಂದಿರ ಜೊತೆ ಮಾತಾಡುವುದು ನನಗೆ ಸುಲಭವಾಯಿತು. ಈ ಆಟದಲ್ಲಿ ನಿಧಾನದವರಿಗೂ ಕೆಲಸವಿದೆ. ಎಂಟು ಜನ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂರುತ್ತಾರೆ. ಅಟ್ಟಿಸಿಕೊಂಡು ಹೋಗುವವರು ಹಿಂದೆ ತಿರುಗುವಂತಿಲ್ಲ, ನಡುವೆ ನುಗ್ಗುವಂತಿಲ್ಲ. ಕಂಬ ಸುತ್ತಬೇಕು, ಇಲ್ಲವೇ ಖೋ ಕೊಡಬೇಕು. ಕಾಲಿಗಿಂತ ಕಣ್ಣು ಚುರುಕಾಗಿದ್ದವರು ಇಲ್ಲಿ ಗೆಲ್ಲಿಸುತ್ತಾರೆ.

ಹೋಬಳಿ ಪಂದ್ಯಕ್ಕೆ ಆರಿಸಿದ ಮಕ್ಕಳಿಗೆ ಬೆಳಿಗ್ಗೆ ಬೇರೆ ಅಭ್ಯಾಸ ಇರುತ್ತದೆ, ಪೂರ್ತಿ ನಿಯಮದ ಪ್ರಕಾರ. ಅಲ್ಲಿ ರೆಫ್ರಿ, ಸೀಟಿ ಎಲ್ಲ ಉಂಟು. ಆದರೂ ನಮ್ಮ ಹುಡುಗರು ಅಭ್ಯಾಸಬಲದಿಂದ ಕೈ ಎತ್ತಿಬಿಡುತ್ತಾರೆ, ಪಾಯಿಂಟು ಕೈತಪ್ಪುತ್ತದೆ. ಅದಕ್ಕೆ ಊರಿನವರಿಂದ ಬೈಸಿಕೊಂಡದ್ದೂ ಇದೆ. ಪಿರಿಯಡ್ಡಿನ ನಿಯಮ ಮಾತ್ರ ಬದಲಾಯಿಸಿಲ್ಲ.